ಬುಡ್ಲಾ ಎಂಬ ಪೂರ್ವಾನುಮತಿ

ತಿಮ್ಮೇಶ ನಾಲೆಯ ಸೌಡಿ. ಅಂದರೆ ಗೇಟು ಎತ್ತಿ ನೀರು ಬಿಡುವವನು, ಇಳಿಸಿ ನಿಲ್ಲಿಸುವವನು. ಪಾಂಡವಪುರದಾಚೆಯ ಬೀರಯ್ಯನಕೊಪ್ಪಲು ನಾಲೆಯ ಗೇಟಿನ ಬೀಗದ ಕೈ ಅವನ ಉಡಿದಾರದಲ್ಲಿ ನೇತಾಡುತ್ತಿತ್ತು. ಕೆಲಸ ಗುತ್ತಿಗೆಯದು, ದೊಡ್ಡವರು ಯಾರಾದರೂ ಗಟ್ಟಿಯಾಗಿ ಸೀನಿದರೂ ಹೋಗುವಂಥದ್ದು. ಅವನ ಮೇಲಿನ ಸಾಹೇಬ ಇಂಜಿನಿಯರ್ ದಿಲೀಪ. ಇಬ್ಬರದೂ ಒಂದೇ ಊರು, ಸ್ಕೂಲಿನಲ್ಲಿ ಒಂದೇ ಬೆಂಚು. ಒಬ್ಬ ಪಾಸಾಗುತ್ತಾ ಹೋದ, ಇನ್ನೊಬ್ಬ ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಕೈಗೆ ಸಿಕ್ಕಿಬಿದ್ದ. ಆದರೂ ಆಫೀಸಿನ ಹೊಸಿಲು ದಾಟಿ ಹೊರಬಿದ್ದ ಕೂಡಲೇ ಇಬ್ಬರೂ ಒಬ್ಬರಿಗೊಬ್ಬರು 'ಲೋ' ಎನ್ನುವ ಸಲಿಗೆಯ 'ಲಾ'.

ಆ ಭಾನುವಾರ ದಿಲೀಪ ಶ್ರೀರಂಗಪಟ್ಟಣದಲ್ಲಿ ಬೀಗರ ಊಟಕ್ಕೆ ಕೂತಿದ್ದ. ನಮ್ಮ ಸೀಮೆಯಲ್ಲಿ ಮದುವೆಯನ್ನಾದರೂ ನಗುನಗುತ್ತಾ ಮಾಡಿಯಾರು, ಬೀಗರ ಊಟ ಮಾತ್ರ ಗಂಭೀರ ಕಾರ್ಯ. ಎಲೆಗೆ ಮುದ್ದೆ ಬಿದ್ದು, ಪಕ್ಕದಲ್ಲಿ ನಲ್ಲಿಮೂಳೆ ಬಿದ್ದ ಹೊತ್ತಿಗೆ ಸರಿಯಾಗಿ ಫೋನು ಬಡಿದುಕೊಂಡಿತು.

ಇತ್ತ ನಾಲೆಯ ಏರಿಯ ಮೇಲೆ ತಿಮ್ಮೇಶ, ಅವನೆದುರಿಗೆ ಸೋಮಮ್ಮ. ಆಕೆಯ ಭತ್ತದ ಒಟ್ಲು, ಅಂದರೆ ಸಸಿಮಡಿ, ಬಿರುಕು ಬಿಟ್ಟಿತ್ತು. ಸಸಿ ಒಣಗಿದರೆ ಈ ಸಲ ನಾಟಿಯ ಮಾತೇ ಇಲ್ಲ. ಬೆಳಗಿನಿಂದ ಆಕೆ ಅತ್ತಿರಲಿಲ್ಲ, ಬೈದೂ ಇರಲಿಲ್ಲ. ಏರಿಯ ಮೇಲೆ ಕೂತು ಗೇಟನ್ನೇ ನೋಡುತ್ತಿದ್ದಳು. ಬೈಯುವವರನ್ನು ತಿಮ್ಮೇಶ ತಡೆದುಕೊಂಡಾನು, ಹೀಗೆ ಸುಮ್ಮನೆ ನೋಡುವವರನ್ನು ತಡೆದುಕೊಳ್ಳಲಾರ.

"ನೀರು ಬುಡ್ಲಾ?" ಎಂದು ಫೋನಿನಲ್ಲಿ ಕೇಳಿದ.

"ಬುಡ್ಲಾ," ಎಂದ ದಿಲೀಪ, ಬಾಯಲ್ಲಿ ಮೂಳೆ ಇಟ್ಟುಕೊಂಡೇ. ಫೋನು ಕಟ್ಟಾಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಬೇರೆ ಸೀಮೆಯವರಿಗೆ ಇಬ್ಬರೂ ಒಂದೇ ಮಾತು ಆಡಿದಂತೆ ಕೇಳೀತು. ತಿಮ್ಮೇಶ ಕೇಳಿದ್ದು 'ಬಿಡಲೇ?' ಎಂದು. ದಿಲೀಪ ಕೊಟ್ಟ ಉತ್ತರ 'ನೀರು ಬಿಡೋ' ಎಂದೂ ಆಗುತ್ತದೆ, 'ಆ ಮಾತು ಬಿಡೋ, ಈಗೇನೂ ಬೇಡ' ಎಂದೂ ಆಗುತ್ತದೆ. ಈ ಕಡೆ ಹುಟ್ಟಿದವರು ಅದನ್ನು ದನಿಯಲ್ಲೇ ತಿಳಿದುಕೊಳ್ಳುತ್ತಾರೆ. ತಿಮ್ಮೇಶನಿಗೂ ತಿಳಿಯಿತು. ಇದು ಎರಡನೆಯದು, ಅನುಮಾನವೇ ಇಲ್ಲ. ಸ್ಕೂಲಿನಲ್ಲಿ ರಬ್ಬರು ಕೇಳಿದಾಗಿನಿಂದ ಅವನು ಕೇಳಿಕೊಂಡು ಬಂದ ದನಿ ಅದು.

ಆದರೆ ಸೋಮಮ್ಮ ಎದ್ದು ನಿಂತಿದ್ದಳು. "ಏನಂದ್ರಪ್ಪ ಸಾಯೇಬ್ರು?"

"ಬುಡ್ಲಾ ಅಂದ್ರು ಕಣಮ್ಮ."

"ಅಂಗಾರೆ ಬುಡಪ್ಪ, ನಿನ್ ಒಟ್ಟೆ ತಣ್ಣಗಿರ್ಲಿ."

ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆ ಸಮಾಧಾನದಲ್ಲೇ ತಿಮ್ಮೇಶ ಗೇಟು ಎತ್ತಿದ. ಒಟ್ಲು ನೆಂದಿತು, ಸೋಮಮ್ಮ ಕಣ್ಣೊರೆಸಿಕೊಂಡಳು.

ಅವನಿಗೆ ಗೊತ್ತಿಲ್ಲದ್ದೊಂದಿತ್ತು. ಅಲ್ಲಿಂದ ಕೆಳಗೆ ಗುತ್ತಿಗೆದಾರ ರವೀಂದ್ರ ಅವತ್ತು ಬೆಳಿಗ್ಗೆ ತಾನೇ ನಾಲೆಯ ತಳಕ್ಕೆ ಕಾಂಕ್ರೀಟು ಹಾಕಿಸಿದ್ದ. ಸೌಡಿಗೆ ಹೇಳುವ ಗೋಜಿಗೆ ಹೋಗಿರಲಿಲ್ಲ. ಸೌಡಿಗೆ ಯಾರು ತಾನೇ ಹೇಳುತ್ತಾರೆ? ನೀರು ಬಂದದ್ದೇ ತಡ, ಹಸಿ ಕಾಂಕ್ರೀಟು ಗಂಜಿಯಾಗಿ ಹೊರಟಿತು. ಅದರ ಹಿಂದೆ ಬಾಣಲಿಗಳು ಹೊರಟವು, ಬಾಣಲಿಗಳ ಹಿಂದೆ ಕೂಲಿಯವರ ಊಟದ ಕ್ಯಾರಿಯರು.

ನೋಟಿಸು ಬಂತು. 'ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಇಲ್ಲದೆ ನಾಲೆಗೆ ನೀರು ಹರಿಸಿದ ತಮ್ಮನ್ನು ಕೆಲಸದಿಂದ ಏಕೆ ತೆಗೆಯಬಾರದು' ಎಂದಿತ್ತು. ಪೂರ್ವವೆಂದರೆ ಮೂಡಲು ಎಂದು ತಿಮ್ಮೇಶ ಕಲಿತಿದ್ದ. ತನ್ನ ಗೇಟಿರುವುದು ಪಡುವಲಲ್ಲಿ, ಮೂಡಲ ಕಡೆಯ ಅನುಮತಿ ತನಗೇಕೆ ಎಂದು ಹೆಂಡತಿ ಹೇಮಳನ್ನು ಕೇಳಿದ. ಪಿಯುಸಿ ಓದಿದ ಹೇಮ ಹಣೆ ಚಚ್ಚಿಕೊಂಡು ಅವನನ್ನು ಕೂರಿಸಿಕೊಂಡಳು. ಪೂರ್ವ ಅಂದರೆ ಮುಂಚೆ. ಮುಂಚೆ ಕೇಳಿ ಪಡೆದರೆ ಅನುಮತಿ, ಕಾಗದಕ್ಕೆ ಸೀಲು ಬಿದ್ದರೆ ಪರವಾನಗಿ, ದುಡ್ಡು ಬಂದರೆ ಮಂಜೂರಾತಿ, ಮಾಡಿಯಾದ ಮೇಲೆ ದೊಡ್ಡವರು ತಲೆಯಾಡಿಸಿದರೆ ಅನುಮೋದನೆ. ಅಪ್ಪಣೆ ಯಾವುದೆಂದು ಅವನು ಕೇಳಿದ್ದಕ್ಕೆ, ಅದು ಅಮ್ಮನವರು ಬಲಗಡೆಯಿಂದ ಹೂ ಬೀಳಿಸಿದಾಗ ಮಾತ್ರ, ಆಫೀಸಿನಲ್ಲಿ ಆ ಮಾತೆತ್ತಬೇಡ ಎಂದು ಗದರಿದಳು. ತಿಮ್ಮೇಶ ಎಮ್ಮೆ ಕರೆಯುತ್ತಾ ಎಲ್ಲವನ್ನೂ ಬಾಯಿಪಾಠ ಮಾಡಿದ. ಎಮ್ಮೆಗೆ ಬೇಸರವಾಗಿ ಬಕೆಟ್ಟು ಒದೆಯಿತು.

ನಿಜ ಹೇಳಬೇಕೆಂದರೆ ನೋಟಿಸಿಗಿಂತ ಅವನ ಹೊಟ್ಟೆಗೆ ಬೆಂಕಿ ಇಟ್ಟದ್ದು ಬೇರೆ. ದಿಲೀಪ ಈಗ ಅವನನ್ನು 'ತಿಮ್ಮೇಶ್ ಅವರೇ' ಎನ್ನುತ್ತಿದ್ದ. ಕೆನ್ನೆಗೆ ಬಾರಿಸಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬೇಡವೆಂದೆ ಎಂದು ದಿಲೀಪ ಹೇಳಿದರೆ ತಿಮ್ಮೇಶನ ಅನ್ನ ಹೋಗುತ್ತದೆ. ಬಿಡೆಂದರು ಎಂದು ತಿಮ್ಮೇಶ ಹೇಳಿದರೆ ದಿಲೀಪ ಸಸ್ಪೆಂಡು. ಇದ್ದದ್ದು ಒಂದೇ ಮಾತು, ಉಳಿಯಬೇಕಾದವರು ಇಬ್ಬರು.

ವಿಚಾರಣೆಗೆ ಬಂದವರು ಅಕ್ಷಿತಾ ಮೇಡಂ. ಧಾರವಾಡದ ಕಡೆಯವರು, ಈ ಕಡೆಗೆ ವರ್ಗವಾಗಿ ಬಂದು ಇನ್ನೂ ಮುದ್ದೆ ನುಂಗುವುದನ್ನು ಕಲಿಯುತ್ತಿದ್ದರು. ಗುಮಾಸ್ತ ಮಂಚಯ್ಯ ಹೇಳಿಕೆ ಬರೆದುಕೊಳ್ಳಲು ಕೂತ. ಫೋನಿನಲ್ಲಿ ಆಡಿದ ಮಾತನ್ನು ತಿಮ್ಮೇಶ ಒಪ್ಪಿಸಿದ. ಅದನ್ನು ಇದ್ದ ಹಾಗೆ ಬರೆಯಲೋ ಶುದ್ಧ ಮಾಡಿ ಬರೆಯಲೋ ಎಂದು ಮಂಚಯ್ಯ ಕೇಳಿದ. ಶುದ್ಧ ಮಾಡಿಯೇ ಬರೆಯಿರಿ ಎಂದರು ಮೇಡಂ. ಯಾವ ಅರ್ಥಕ್ಕೆ ಶುದ್ಧ ಮಾಡಲಿ ಎಂದು ಅವನು ಪೆನ್ನು ಎತ್ತಿ ಹಿಡಿದ.

"ಬುಡು ಅಂದ್ರ ಏನ್ರೀ?" ಎಂದರು ಮೇಡಂ.

"ಬುಡು ಅಂದ್ರೆ ಬುಡಾದು ಮೇಡಂ," ಎಂದ ಮಂಚಯ್ಯ.

"ಮತ್ತ ಆ 'ಲಾ'?"

ಇಲಾಖೆಯ ಯಾವ ದರ್ಜೆಯ ನೌಕರನಿಗೂ 'ಲಾ' ಎಂದು ಕರೆಯುವ ಪದ್ಧತಿ ಇಲ್ಲ. ದಿಲೀಪ ಎದ್ದು ನಿಂತ, ಕಣ್ಣು ಎದುರಿನ ಗೋಡೆಯ ಮೇಲೆ.

"ಲಾ ಅಂದ್ರೆ, ಅವನು ನನ್ನ ಫ್ರೆಂಡು ಮೇಡಂ. ನೀರು ಬಿಡು ಅಂತ ನಾನೇ ಹೇಳಿದ್ದು."

ಸುಳ್ಳು ಹೇಳುವಾಗ ದಿಲೀಪನ ಕಿವಿ ಕೆಂಪಾಗುತ್ತದೆ. ಕೆಂಪಾಗಿತ್ತು. ತಿಮ್ಮೇಶ ಸುಮ್ಮನಿದ್ದಿದ್ದರೆ ಅವನ ಕೆಲಸ ಉಳಿಯುತ್ತಿತ್ತು, ಮನೆಗೆ ಹೋಗಿ ಹೇಮಳಿಗೆ ಮುಖ ತೋರಿಸಬಹುದಿತ್ತು. ಆದರೆ ಆ ಕಿವಿಯನ್ನು ನೋಡಿಕೊಂಡು ಸುಮ್ಮನಿರುವುದು ಅವನ ಕೈಲಾಗಲಿಲ್ಲ.

"ಇಲ್ಲ ಮೇಡಂ. ಅವ್ನು ಬ್ಯಾಡ ಅಂತ್ಲೇ ಅಂದಿದ್ದು, ನಂಗೆ ಗೊತ್ತಿತ್ತು. ಆಯಮ್ಮನ ಒಟ್ಲು ನೋಡಕ್ಕಾಗ್ದೆ ನಾನೇ ಬುಟ್ಬುಟ್ಟೆ."

"ಸುಮ್ಕಿರ್ಲಾ," ಎಂದು ದಿಲೀಪ ಹಲ್ಲು ಕಚ್ಚಿದ.

"ನೀನ್ ಸುಮ್ಕಿರ್ಲಾ," ಎಂದ ತಿಮ್ಮೇಶ.

ಮಂಚಯ್ಯ ಅದನ್ನೂ ಬರೆದುಕೊಂಡ. ತಪ್ಪು ನಿನ್ನದು, ನಿನ್ನದು ಎಂದು ಕಿತ್ತಾಡುವವರನ್ನು ಮೇಡಂ ಬೇಕಾದಷ್ಟು ಕಂಡಿದ್ದರು. ಅನುಮತಿ ಕೊಟ್ಟೆ ಎಂದು ಒಬ್ಬ, ನೀನೆಲ್ಲಿ ಕೊಟ್ಟೆ ಎಂದು ಇನ್ನೊಬ್ಬ ಹಟ ಹಿಡಿಯುವುದು ಅವರಿಗೂ ಹೊಸದು. ಇದನ್ನು ಯಾವ ಕಲಮಿನಡಿ ತರುವುದೆಂದು ತಿಳಿಯದೆ ಇಬ್ಬರನ್ನೂ ಹೊರಗೆ ಕಳಿಸಿದರು. ಜಗಲಿಗೆ ಬಂದವರೇ ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಕೆಲಸ ಹೋದೀತೆಂಬ ಭಯದ ನಡುವೆಯೂ ತಿಮ್ಮೇಶನಿಗೆ ಸಂತೋಷ ತಡೆಯಲಾಗಲಿಲ್ಲ. ದಿಲೀಪ ಬೈಯುತ್ತಿದ್ದದ್ದು ಏಕವಚನದಲ್ಲಿ.

ಆದೇಶ ಬಂದಾಗ ಇಬ್ಬರಿಗೂ ಎಚ್ಚರಿಕೆ ಕೊಟ್ಟು ಬಿಟ್ಟಿದ್ದರು. ಸೌಡಿಗೆ ತಿಳಿಸದೆ ಕಾಂಕ್ರೀಟು ಹಾಕಿದ ಗುತ್ತಿಗೆದಾರನೇ ಮತ್ತೆ ಹಾಕಿಕೊಡಬೇಕು ಎಂದಿತ್ತು. ದಿಲೀಪ ಆದೇಶದ ಪ್ರತಿಯನ್ನು ತಾನೇ ಗೇಟಿನ ಬಳಿ ತಂದುಕೊಟ್ಟ. ತಿಮ್ಮೇಶ ಏರಿಯ ಮೇಲೆ ಕೂತು ಕೊನೆಯ ಸಾಲನ್ನು ಬಿಡಿಸಿ ಬಿಡಿಸಿ ಓದಿದ: 'ಇನ್ನು ಮುಂದೆ ನೀರು ಹರಿಸುವ ಅನುಮತಿಯನ್ನು ಸ್ಪಷ್ಟವಾದ ಕನ್ನಡದಲ್ಲಿಯೇ ನೀಡತಕ್ಕದ್ದು.'

ಅದು ಯಾಕೋ ಅವನ ಮನಸ್ಸಿಗೆ ನಾಟಿತು. ಕಾಗದ ಮಡಿಸಿ ದಿಲೀಪನ ಮುಖ ನೋಡಿದ.

"ಅಂಗಾರೆ ಇಷ್ಟ್ ವರ್ಸ ನಾವು ಮಾತಾಡ್ಕಂಡ್ ಬಂದಿದ್ದು ಯಾವ್ ಭಾಸೆನ್ಲಾ?"

ದಿಲೀಪ ಏರಿಯ ಮೇಲೆ ಅವನ ಪಕ್ಕದಲ್ಲೇ ಕೂತ.

"ಅದ್ನ ಯೋಳಕ್ಕೂ ಮೇಲಿಂದ ಅನುಮತಿ ಬರ್ಬೇಕು ಕಣ್ಲಾ," ಎಂದ.