ಅಂಗಿಯ ಗುಂಡಿ

"ಅಳಬಾರದು," ಅಂದಳು ಡಾಕ್ಟರಕ್ಕ. "ಅಲ್ಲಿ ಕೂತಿರೋರು ದಿನಾ ಸಾವು ನೋಡೋರು ಕಣೇ. ನಿನ್ನ ಕಣ್ಣೀರಿಗೆ ಕರಗಿಬಿಡ್ತಾರೆ ಅಂದುಕೊಂಡಿದೀಯಾ?"

ಪುಟ್ಟಿ ಮೂಗೊರೆಸಿಕೊಂಡಳು. ಬಟ್ಟೆ ಕತ್ತರಿಸುವ ಮೇಜಿನ ಆಚೆಗೆ ಡಾಕ್ಟರಕ್ಕ ಸಂದರ್ಶನ ಮಾಡುವವರ ಗತ್ತಿನಲ್ಲಿ ಕೂತಿದ್ದಳು. ಅವಳ ಮುಂದೆ ಸೀಮೆಸುಣ್ಣ, ಅಳತೆಯ ಟೇಪು, ಯಾರದೋ ರವಿಕೆಯ ಒಂಟಿ ತೋಳು. ಕಿಟಕಿ ಪಕ್ಕದಲ್ಲಿ ಅಮ್ಮ ಹೊಲಿಗೆ ಮಿಷನ್ ತುಳಿಯುತ್ತಿದ್ದಳು. ಆ ಸದ್ದಿನಲ್ಲಿ ಇವರ ಮಾತೊಂದೂ ಅವಳಿಗೆ ಕೇಳುತ್ತಿರಲಿಲ್ಲ.

"ಇನ್ನೊಂದು ಸಲ. ಯಾಕೆ ಡಾಕ್ಟರ್ ಆಗಬೇಕು?"

"ನಮ್ಮ ಪಾಪು..."

"ಅಯ್ಯೋ, ಮತ್ತೆ ಪಾಪು! ಎಷ್ಟು ಸಲ ಬಡ್ಕೊಳ್ಳೋದೇ ನಿನಗೆ? ಮನೆ ವಿಷಯ ಬೇಡ. ಜೀವಶಾಸ್ತ್ರ ಅಂದ್ರೆ ಆಸಕ್ತಿ, ಸೇವೆ ಮಾಡೋ ಮನಸ್ಸು, ಇಷ್ಟು ಹೇಳಿ ಸುಮ್ಮನಾಗು. ನಾನೇನು ಗೊತ್ತಿಲ್ಲದೆ ಹೇಳ್ತಿದೀನಾ? ಒಳಗೆ ಹೋಗಿ ಗೆದ್ದು ಬಂದೋಳು ನಾನು."

ಈ ಕೊನೇ ಮಾತಿಗೆ ಆ ಮನೆಯಲ್ಲಿ ಎದುರು ಮಾತೇ ಇರಲಿಲ್ಲ. ದೊಡ್ಡಮ್ಮನ ಮಗಳು ಹೋದ ವರ್ಷ ಮೆಡಿಕಲ್ ಸೀಟು ಹೊಡೆದಿದ್ದೇ ತಡ, ಅವಳ ಹೆಸರು ಉದುರಿಹೋಗಿ ಹಾಲಿನವನಿಗೂ ಅವಳು ಡಾಕ್ಟರಕ್ಕ ಆಗಿಬಿಟ್ಟಿದ್ದಳು. ಇನ್ನೂ ಒಂದು ಇಂಜೆಕ್ಷನ್ ಚುಚ್ಚಿ ಗೊತ್ತಿಲ್ಲ, ಆ ಮಾತು ಬೇರೆ. ಅಮ್ಮನಂತೂ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಅವಳಿಗೆ ತನ್ನ ಕೈಯಾರೆ ಬಿಳಿ ಕೋಟು ಹೊಲಿದುಕೊಟ್ಟಿದ್ದಳು. ಅಂದಿನಿಂದ ಅಮ್ಮನದು ಒಂದೇ ಜಪ: "ಅಕ್ಕ ಹೇಗೆ ಮಾಡಿದಳೋ ಹಾಗೇ ಮಾಡೇ. ಅವಳು ಹೇಳಿದ್ದು ಒಂದಕ್ಷರ ತಪ್ಪಿಸಬೇಡ."

ಪುಟ್ಟಿ ತಪ್ಪಿಸಲೂ ಇಲ್ಲ. ಲಿಖಿತ ಪರೀಕ್ಷೆಗೆ ಅಕ್ಕನ ಪುಸ್ತಕಗಳನ್ನೇ ಓದಿದಳು, ಪಾಸಾದಳು. ಈಗ ಸಂದರ್ಶನಕ್ಕೆ ಕುರ್ಚಿ ಹೇಗೆ ಎಳೆಯಬೇಕು, ಕೈ ಎಲ್ಲಿಡಬೇಕು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತ ಹೇಗೆ ಮರ್ಯಾದೆಯಾಗಿ ಹೇಳಬೇಕು, ಎಲ್ಲ ಅಕ್ಕನಿಂದಲೇ ಕಲಿತಳು. ಇದೊಂದು ದಾಟಿದರೆ ಸೀಟು. ದಾಟದಿದ್ದರೆ ಅಮ್ಮನ ಪಕ್ಕದಲ್ಲಿ ಇನ್ನೊಂದು ಮಿಷನ್.

ಪಾಪು ಅವಳ ತಮ್ಮ. ಆರು ವರ್ಷಕ್ಕೇ ಜ್ವರದಲ್ಲಿ ಹೋಗಿಬಿಟ್ಟ. ಆ ದಿನ ನಡೆದದ್ದರಲ್ಲಿ ಒಂದು ಸಂಗತಿಯನ್ನು ಪುಟ್ಟಿ ಅಮ್ಮನಿಗೂ ಹೇಳಿರಲಿಲ್ಲ. ಒಮ್ಮೆ ದೊಡ್ಡಮ್ಮನ ಮನೆ ತಾರಸಿಯಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದಾಗ ಯಾಕೋ ತಡೆಯಲಾರದೆ ಅಕ್ಕನೊಬ್ಬಳ ಹತ್ತಿರ ಬಾಯಿಬಿಟ್ಟಿದ್ದಳು. ಅಕ್ಕ ಅವಳಿಗಿಂತ ಹೆಚ್ಚು ಅತ್ತಿದ್ದಳು. ಅಷ್ಟು ಅತ್ತವಳು ಈಗ ಆ ಮಾತೇ ಎತ್ತಬೇಡ ಅನ್ನುತ್ತಾಳೆಂದರೆ ಅದು ನನ್ನ ಒಳ್ಳೆಯದಕ್ಕೇ ಇರಬೇಕು ಅಂದುಕೊಂಡಳು ಪುಟ್ಟಿ. ಪಾಪ, ಹಾಗಲ್ಲದೆ ಮತ್ತೆ ಹೇಗೆ ಅಂದುಕೊಂಡಾಳು?

ಸಂದರ್ಶನ ಅಕ್ಕನ ಕಾಲೇಜಿನಲ್ಲೇ ಇತ್ತು. ಉದ್ದನೆಯ ಮೇಜಿನ ಹಿಂದೆ ಮೂವರು: ಬರೆದುಕೊಳ್ಳುವ ಕನ್ನಡಕದವರು, ಆಕಳಿಸುವ ದಪ್ಪ ಮೀಸೆಯವರು, ನಡುವೆ ಬಿಳಿಗೂದಲಿನ ಡಾಕ್ಟರಮ್ಮ. ಪುಟ್ಟಿ ಕುರ್ಚಿಯನ್ನು ಸದ್ದಾಗದಂತೆ ಎಳೆದಳು. ಆಸಕ್ತಿ ಅಂದಳು, ಸೇವೆ ಅಂದಳು.

ಡಾಕ್ಟರಮ್ಮ ಕೈ ಎತ್ತಿ ತಡೆದರು. "ಸಾಕಮ್ಮ. ಬೆಳಗ್ಗಿಂದ ಇದೇ ಗಿಣಿಪಾಠ ಕೇಳಿ ಕಿವಿ ತೂತಾಗಿದೆ. ಬಾಯಿಪಾಠ ಬಿಟ್ಟು ಒಂದು ನಿಜ ಹೇಳು. ಯಾಕೆ ಬೇಕು ನಿನಗೆ ಇದು?"

ಅಕ್ಕ ಕೊಟ್ಟ ಗಂಟಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಇದ್ದದ್ದು ಅವಳದೇ ಒಂದು.

ನಿಧಾನವಾಗಿ ಹೇಳಿದಳು. ಅಮ್ಮ ಹೊಲಿದ ಬಟ್ಟೆ ಕೊಟ್ಟುಬರಲು ಹೋಗಿದ್ದಳು. ತಮ್ಮನನ್ನು ಎತ್ತಿಕೊಂಡು ಇವಳೇ ಆಸ್ಪತ್ರೆಗೆ ಹೋದಳು. ಸರದಿ ದೊಡ್ಡದಿತ್ತು, ಬೆಂಚಿನ ಮೇಲೆ ಕೂರಿಸಿಕೊಂಡಳು. ಚಳಿ ಅಂದ ಅವನು. ಅಂಗಿಯ ಗುಂಡಿಗಳನ್ನು ಕುತ್ತಿಗೆವರೆಗೂ ಹಾಕಿದಳು. ಒಂದು ತಪ್ಪಿ ಅಂಗಿ ಸೊಟ್ಟಗಾಯಿತು. "ಅಕ್ಕಾ, ಸೊಟ್ಟ," ಅಂತ ನಕ್ಕ. ಎಲ್ಲ ಬಿಚ್ಚಿ ಕೆಳಗಿನಿಂದ ಮತ್ತೆ ಹಾಕುತ್ತ ಬಂದಳು. ಮೇಲಿನ ಗುಂಡಿ ಹಾಕಿ ಈಗ ಸರಿಹೋಯ್ತು ನೋಡು ಅಂತ ತಲೆಯೆತ್ತಿದರೆ ಅವನು ಇರಲಿಲ್ಲ.

"ನಾನು ಗುಂಡಿ ನೋಡ್ತಿದ್ದೆ. ಅವನ ಮುಖ ನೋಡ್ಲಿಲ್ಲ," ಅಂದಳು. "ನೋಡೋದನ್ನ ಕಲೀಬೇಕು ನನಗೆ."

ಅತ್ತಿರಲಿಲ್ಲ ಅವಳು. ಅಕ್ಕ ಹೇಳಿದ್ದರಲ್ಲಿ ಅದೊಂದು ಮಾತು ಉಳಿಸಿಕೊಂಡಿದ್ದಳು.

ಮೀಸೆಯವರ ಆಕಳಿಕೆ ನಿಂತಿತ್ತು. ಕನ್ನಡಕದವರು ಪೆನ್ನು ಕೆಳಗಿಟ್ಟರು. "ಮೇಡಮ್, ಹೋದ ವರ್ಷ ಒಬ್ಬಳು..."

"ನೆನಪಿದೆ," ಅಂದರು ಡಾಕ್ಟರಮ್ಮ. ಅವರ ದನಿ ಕಲ್ಲಾಗಿತ್ತು. "ಬೆಂಚು, ಚಳಿ, ಸೊಟ್ಟ ಅಂಗಿ. ಅವತ್ತು ನಾನು ಮನೆಗೆ ಹೋಗಿ ಅತ್ತಿದ್ದೆ. ಯಾವ ಕೋಚಿಂಗ್‌ನಲ್ಲಿ ಹೇಳಿಕೊಡ್ತಾರಮ್ಮ ಇದನ್ನ?"

ಪುಟ್ಟಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ಒಂದೊಂದೇ ನೆನಪಾಯಿತು. ತಾರಸಿ, ಹಗ್ಗದ ಮೇಲಿನ ಬಟ್ಟೆ, ತನಗಿಂತ ಜೋರಾಗಿ ಅಳುತ್ತಿದ್ದ ಅಕ್ಕ. ಮೇಜಿನ ಆಚೆಯಿಂದ "ಮತ್ತೆ ಪಾಪು!" ಅಂತ ರೇಗಿದ ಅಕ್ಕ. ದ್ರೋಹಿ, ಅಂತ ಒಳಗೊಳಗೇ ಅಂದುಕೊಂಡಳು. ಪಾಪುವನ್ನು ಎತ್ತಿಕೊಂಡು ಹೋಗಿ ಇಲ್ಲಿ ಮಾರಿ ಬಂದಳಲ್ಲ!

"ಅವನು ನನ್ನ ತಮ್ಮ," ಅಂದಳು.

"ಅವಳೂ ಹಾಗೇ ಅಂದಿದ್ದಳು." ಡಾಕ್ಟರಮ್ಮ ಅವಳ ಮುಖವನ್ನೇ ನೋಡಿದರು. "ಮನೆಯಿಂದ ಯಾರಾದರೂ ಬಂದಿದಾರಾ?"

"ಅಮ್ಮ ಇದಾಳೆ."

"ಕರಕೊಂಡು ಬಾ. ಒಂದು ಮಾತು ಕೇಳಿಬಿಡೋಣ."

ಹೊರಗೆ ಅಮ್ಮ ಬೆಂಚಿನಿಂದ ದಡಬಡಿಸಿ ಎದ್ದಳು. ಪಕ್ಕದಲ್ಲಿ ಡಾಕ್ಟರಕ್ಕ, ಪಾಠ ಬಿಟ್ಟು ಓಡಿಬಂದಿದ್ದಳು, ಮೈಮೇಲೆ ಅಮ್ಮ ಹೊಲಿದ ಬಿಳಿ ಕೋಟು.

"ಬಂದ್ಯಾ? ಒಂದು ನಿಮಿಷ ತಡಿಯೇ. ನಿಮ್ಮಕ್ಕನ ಕೋಟಿನ ಗುಂಡಿ ಜೋಲಾಡ್ತಿದೆ, ನನ್ನ ಹೊಲಿಗೆಗೇ ಅವಮಾನ!" ಅಮ್ಮ ಚೀಲದಿಂದ ಸೂಜಿ ಹುಡುಕಿ ತೆಗೆದು, ದಾರ ಪೋಣಿಸಲು ಬೆಳಕು ಬೇಕೆಂದು ಕಿಟಕಿಯತ್ತ ಹೋದಳು.

"ಹೇಗಾಯ್ತೇ? ನಾನು ಹೇಳಿಕೊಟ್ಟಿದ್ದನ್ನೇ ಹೇಳಿದೆ ತಾನೇ?"

"ಇಲ್ಲ. ಪಾಪು ವಿಷಯ ಹೇಳಿದೆ. ಗುಂಡಿ ವಿಷಯಾನೂ."

ಡಾಕ್ಟರಕ್ಕ ಕೋಟಿನ ಜೋಲುವ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ನನ್ನನ್ನೂ ಹಾಗೇ ಕೇಳಿಬಿಟ್ಟರು ಕಣೇ, ನಿಜ ಹೇಳು ಅಂತ," ಅಂದಳು ಪಿಸುದನಿಯಲ್ಲಿ. "ನನ್ನ ಹತ್ರ ಹೇಳೋಕೆ ಏನೂ ಇರ್ಲಿಲ್ಲ. ನಿನ್ನ ಹತ್ರ ಇತ್ತು."

"ನನ್ನ ಹತ್ರ ಅದೊಂದೇ ಇತ್ತು ಅಕ್ಕ."

"ನನ್ನ ಹೆಸರು ಹೇಳಿದೆಯಾ?"

ಅವಳು ಕೇಳಿದ್ದು ಅದೊಂದನ್ನೇ. ಪಾಪುವಿನ ಬಗ್ಗೆ ಒಂದು ಮಾತಿಲ್ಲ. ಪುಟ್ಟಿ ಅಮ್ಮನತ್ತ ತಿರುಗಿದಳು. ಅಮ್ಮನನ್ನು ಒಳಗೆ ಕರೆದೊಯ್ದರೆ ಆಸ್ಪತ್ರೆಯ ಆ ಬೆಂಚಿನ ಸಂಗತಿ ಅಮ್ಮ ಮೊದಲ ಸಲ ಕೇಳುವುದು ಪರರ ಬಾಯಿಂದ. ಕರೆದೊಯ್ಯದಿದ್ದರೆ ತಾನೇ ಕಳ್ಳಿ. ಪಾಪು ಎಂದೆಂದಿಗೂ ಈ ಡಾಕ್ಟರಕ್ಕನ ತಮ್ಮನಾಗಿಯೇ ಉಳಿಯುತ್ತಾನೆ.

ಅಮ್ಮ ಬಂದು ಡಾಕ್ಟರಕ್ಕನ ಮುಂದೆ ನಿಂತು ಗುಂಡಿ ಹೊಲಿಯತೊಡಗಿದಳು. "ನೆಟ್ಟಗೆ ನಿಂತ್ಕೋ ಮಗಳೇ, ಚುಚ್ಚಿಬಿಡುತ್ತೆ. ಇವಳಿಗೆ ಎಷ್ಟೆಲ್ಲ ಹೇಳಿಕೊಟ್ಟೆ ನೀನು. ಈ ಋಣ ಹೇಗೆ ತೀರಿಸಲಿ ಹೇಳು?"

ಬಾಗಿಲಲ್ಲಿ ಜವಾನ ಇಣುಕಿದ. "ಎಲ್ಲಮ್ಮ ನಿಮ್ಮ ತಾಯಿ? ಮೇಡಮ್ ಕಾಯ್ತಿದಾರೆ."

"ನನ್ನನ್ನಾ?" ಅಮ್ಮ ಗಾಬರಿಯಾದಳು. "ನನ್ನನ್ನ ಯಾಕೇ?"

ಡಾಕ್ಟರಕ್ಕನ ಕಣ್ಣು ಪುಟ್ಟಿಯ ಮೇಲಿತ್ತು. ಪುಟ್ಟಿ ಅತ್ತ ನೋಡಲಿಲ್ಲ.

"ಬಾ ಅಮ್ಮ," ಅಂದಳು. "ಪಾಪು ವಿಷಯ ಕೇಳ್ತಾರಂತೆ."

ಅಮ್ಮ ಗುಂಡಿಗೆ ಕೊನೆಯ ಗಂಟು ಹಾಕಿದಳು. ಆಮೇಲೆ ದಾರ ಕಡಿಯಲೆಂದು ಕೋಟಿನ ಮೇಲೆ ಬಾಗಿದಳು. ಡಾಕ್ಟರಕ್ಕನ ಎದೆ ಹಾರುತ್ತಿತ್ತು, ದಾರ ಹಲ್ಲಿಗೆ ಸಿಗುತ್ತಲೇ ಇರಲಿಲ್ಲ.

"ಒಂಚೂರು ಉಸಿರು ಹಿಡ್ಕೋ ಮಗಳೇ," ಅಂದಳು ಅಮ್ಮ.