ವಸ್ತ್ರ ಹೊದ್ದ ಹ್ಯಾಂಡಲ್

ಗುರುಸಿದ್ಧಪ್ಪ ಕಾಕಾ ರೇಸಿಗೆ ಬಂದರೆ ಮೊದಲು ಕಣ್ಣಿಗೆ ಬೀಳುವುದು ಅವರ ಸೈಕಲ್ಲಿನ ಹ್ಯಾಂಡಲ್. ಅದರ ಬಲಬದಿಗೆ ಒಂದು ಬಿಳಿ ವಸ್ತ್ರ ಹೊದಿಸಿ, ತುದಿಯನ್ನು ಮಣಿಕಟ್ಟಿಗೆ ಗಂಟು ಹಾಕಿರುತ್ತಾರೆ. ಗೇರು, ಬ್ರೇಕು, ಐದೂ ಬೆರಳು, ಎಲ್ಲವೂ ಅದರ ಒಳಗೆ. ಮಿರಜಿನಿಂದ ದಂಡೋಬಾ ಗುಡ್ಡದ ತುದಿಯವರೆಗೆ ವರ್ಷಕ್ಕೊಮ್ಮೆ ನಡೆಯುವ ನಮ್ಮ ಹವ್ಯಾಸಿಗಳ ರೇಸಿನಲ್ಲಿ ಹೊಸಬರು ಅದನ್ನು ಕಂಡು ಪಾಪ, ಕೈಗೆ ಪೆಟ್ಟಾಗಿದೆ ಎಂದು ಮರುಗುತ್ತಾರೆ, ಹಳಬರು ನಗುತ್ತಾರೆ.

ಕಾಕಾನ ಮನೆತನದ್ದು ಸಾಂಗಲಿ ಪೇಟೆಯಲ್ಲಿ ಅರಿಶಿನದ ವ್ಯಾಪಾರ. ಅವರ ತಂದೆಯ ಕಾಲದಲ್ಲಿ ಕೊಳ್ಳುವವನೂ ಮಾರುವವನೂ ವಸ್ತ್ರದಡಿ ಕೈ ಸೇರಿಸಿ, ಬೆರಳು ಒತ್ತಿ ದರ ಕುದುರಿಸುತ್ತಿದ್ದರಂತೆ. ಸುತ್ತ ನಿಂತವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲವಂತೆ. ಆ ಮೌನವನ್ನು ನೋಡುತ್ತ ಬೆಳೆದ ಹುಡುಗನ ಮುಖವೂ ಒಂದು ವಸ್ತ್ರವೇ ಆಗಿಬಿಟ್ಟಿತು. ಮದುವೆಗೂ ಅದೇ ಮುಖ, ಮಣ್ಣಿಗೂ ಅದೇ ಮುಖ. "ಇವ್ರ ಮಾರಿ ನೋಡಿ ಚಹಾದಾಗ ಸಕ್ರಿ ಹೆಚ್ಚಾತೋ ಕಡಿಮಿ ಆತೋ, ಒಂದಿನಾನೂ ತಿಳ್ದಿಲ್ಲ ನನಗ," ಎನ್ನುತ್ತಾರೆ ಅವರ ಹೆಂಡತಿ ಸುನಂದಾಬಾಯಿ.

ನಾನೊಮ್ಮೆ ಕೇಳಿಯೇಬಿಟ್ಟೆ, "ಕಾಕಾ, ಇದೆಲ್ಲಾ ಯಾಕ್ರಿ?"

"ಯಾವ ಗೇರಿನ್ಯಾಗ ಅದೀನಿ ಅಂತ ಬಾಜೂದಾಂವಗ ಯಾಕ ತೋರಸ್ಬೇಕಲೇ ತಮ್ಮಾ?"

"ಸಪ್ಪಳಾ ಕೇಳಸ್ತೈತಲ್ರಿ?"

"ಕೇಳ್ಲಿ. ಸಪ್ಪಳಾ ಸುಳ್ಳೂ ಹೇಳತೈತಿ."

ಮೊಣಕಾಲು ಹೊರಗೆ ಚಾಚಿ, ಕುದುರೆಯಿಂದ ಈಗಷ್ಟೇ ಇಳಿದವರಂತೆ ನಡೆಯುವ ಈ ಮನುಷ್ಯ ಗುಡ್ಡದ ರೇಸಿನಲ್ಲಿ ಹಲವು ಸಲ ಎರಡನೆಯವರಾಗಿದ್ದಾರೆ, ಮೊದಲನೆಯವರು ಒಮ್ಮೆಯೂ ಆಗಿಲ್ಲ. ಈ ವರ್ಷ ಸಂಘಟಕರು ಹೊಸ ನಿಯಮ ತಂದರು: ಮುಂದಿನ ಸಲದಿಂದ ಐವತ್ತು ದಾಟಿದವರ ರೇಸು ಗುಡ್ಡದ ಬುಡದಲ್ಲೇ ಮುಗಿಯುತ್ತದೆ. ಕಾಕಾನಿಗೆ ಇನ್ನು ಕೆಲವೇ ತಿಂಗಳಲ್ಲಿ ಐವತ್ತು. ಅಂದರೆ ಗುಡ್ಡದ ಮೇಲೆ ಗೆಲ್ಲಲು ಉಳಿದದ್ದು ಇದೊಂದೇ ಸಲ. ಸುದ್ದಿ ತಿಳಿಸಿದಾಗ "ಹೂಂ" ಎಂದು ಚೈನಿಗೆ ಎಣ್ಣೆ ಬಿಡುತ್ತ ಕುಳಿತರು.

ರೇಸಿನ ದಿನ ಗುಡ್ಡದ ಬುಡ ಮುಟ್ಟುವಷ್ಟರಲ್ಲಿ ಮುಂದೆ ಉಳಿದವರು ಮೂವರೇ: ಕಾಕಾ, ಅವರ ಅರ್ಧ ವಯಸ್ಸಿನ, ಕಳೆದ ವರ್ಷ ಗೆದ್ದ ಬುಧಗಾಂವದ ಧೀರಜ, ಅವರಿಬ್ಬರ ಹಿಂದೆ ಏದುಸಿರು ಬಿಡುತ್ತ ನಾನು.

"ಕಾಯ್ ಕಾಕಾ, ಅರಿಷಿಣಾ ಏನ ದರಾ ಇವತ್ತ?" ಧೀರಜ ಕೆಣಕಿದ. ಕಾಕಾ ತುಳಿಯುತ್ತಲೇ ಇದ್ದರು. "ಮಾತಾಡ್ರಿ, ಮಾತಿಗೇನ ಟ್ಯಾಕ್ಸ್ ಇಲ್ಲ."

ವಸ್ತ್ರದೊಳಗೆ ಗೇರು ಕಟಕ್ ಎಂದಿತು. ಕಾಕಾ ನುಗ್ಗುತ್ತಾರೆಂದು ಧೀರಜ ತಾನೇ ಮೊದಲು ಜಿಗಿದ. ಕಾಕಾ ಕದಲಲಿಲ್ಲ. ಅವನು ಸುಸ್ತಾಗಿ ಮತ್ತೆ ನಮ್ಮ ಸಾಲಿಗೆ ಬಂದ. ಇನ್ನೊಂದು ಕಟಕ್, ಇನ್ನೊಂದು ಜಿಗಿತ, ಮತ್ತೆ ಹಿಂದಕ್ಕೆ. ಆಮೇಲಿನ ಕಟಕ್‌ಗಳನ್ನು ಅವನು ನಂಬಲಿಲ್ಲ. "ಸಾಕ್ರಿ ನಿಮ್ಮ ನಾಟಕಾ," ಎಂದ. ಆದರೆ ಅಷ್ಟರಲ್ಲಿ ಅವನ ತೊಡೆ ಬಿಗಿದಿತ್ತು. ನನಗೆ ಖಾತ್ರಿಯಾಯಿತು: ಕಾಕಾ ಗೆದ್ದೇ ಬಿಡುತ್ತಾರೆ.

ಕೊನೆಯ ತಿರುವಿನಲ್ಲಿ ಗುಡ್ಡದ ಗಾಳಿ ಅಡ್ಡ ಬೀಸಿ ವಸ್ತ್ರದ ಗಂಟು ಬಿಚ್ಚಿಕೊಂಡಿತು. ಬಟ್ಟೆ ನನ್ನ ಎದೆಗೆ ಬಡಿದು ಹಿಂದೆ ಹಾರಿಹೋಯಿತು. ರೇಸಿನ ನಡುವೆ ಕಾಕಾನ ಬಲಗೈಯನ್ನು ನಾನು ಅಂದೇ ಮೊದಲು ಕಂಡದ್ದು. ಅದು ಗಡಗಡ ನಡುಗುತ್ತಿತ್ತು. ಗೇರಿನ ಮೇಲೆ ಬೆರಳು ನಿಲ್ಲುತ್ತಿರಲಿಲ್ಲ.

ಧೀರಜನೂ ಕಂಡ. "ಮುಗೀತ್ರಿ ಕಾಕಾ ನಿಮ್ದು," ಎಂದವನೇ ಪೆಡಲ್ ಮೇಲೆ ಎದ್ದು ನಿಂತು ಹೊರಟ. ಎದುರಿಗೆ ಕಡಿದಾದ ಏರು, ಅದರ ತುದಿಗೆ ಮುಕ್ತಾಯದ ಗೆರೆ, ಕೇಸರಿ ಬಾವುಟ.

ಆಗ ಕಾಕಾ ಎದ್ದರು. ಸೀಟು ಬಿಟ್ಟು ನಿಂತು ತುಳಿದದ್ದನ್ನು ಯಾರೂ ನೋಡಿರದ ಆ ಮನುಷ್ಯ ಹಲ್ಲು ಕಚ್ಚಿ, ಜೊಲ್ಲು ಸುರಿಸುತ್ತ, ಮೊಣಕಾಲುಗಳನ್ನು ರಸ್ತೆಯ ಎರಡೂ ಅಂಚಿಗೆ ಎಸೆಯುತ್ತ ಗಂಟಲು ಹರಿಯುವಂತೆ ಕೂಗಿದರು: "ಬಿಡೂದಿಲ್ಲ ಧೀರಜಾ, ಬಿಡೂದಿಲ್ಲ ಇವತ್ತ ನಿನ್ನ!"

ಆ ದನಿ ಎಲ್ಲಿಂದ ಬಂತೆಂದು ಧೀರಜ ಹಿಂತಿರುಗಿದ. ಅಷ್ಟರಲ್ಲಿ ಪೆಡಲ್ಲಿನ ಅರ್ಧ ಸುತ್ತು ಕಳೆದುಕೊಂಡ. ಭುಜಕ್ಕೆ ಭುಜ ಬಂತು. ನಾನು ಕೂಗುತ್ತ ಕೂಗುತ್ತ ತುಳಿಯುವುದನ್ನೇ ಮರೆತು, ಸೈಕಲ್ ಸಮೇತ ಪಕ್ಕಕ್ಕೆ ಉರುಳಿ, ಬಿದ್ದಲ್ಲಿಂದಲೇ ನೋಡಿದೆ: ಗೆರೆ ದಾಟುವಾಗ ಕಾಕಾನ ಮುಂದಿನ ಗಾಲಿ ಧೀರಜನದಕ್ಕಿಂತ ಒಂದು ಗೇಣು ಮುಂದಿತ್ತು.

ಕಾಕಾ ರಸ್ತೆಯ ಮೇಲೆ ಅಂಗಾತ ಬಿದ್ದು ನಗುತ್ತಿದ್ದರು, ಅಳುತ್ತಲೂ ಇದ್ದರು. ಧೀರಜ ಪಕ್ಕದಲ್ಲಿ ಕುಕ್ಕರಿಸಿದ.

"ಇಷ್ಟ ಆಸೆ ಇತ್ತಂದ್ರ ಮೊದಲ ಹೇಳಬಾರ್ದೇನ್ರಿ ಕಾಕಾ?"

"ಹೇಳಿದ್ರ ಬಿಟ್ಟಕೊಡ್ತಿದ್ದ್ಯಾ?"

"ಛೇ. ಇನ್ನೂ ಜೋರ ಹೊಡಿತಿದ್ದೆ."

"ಅದಕ್ಕ ಹೇಳಲಿಲ್ಲ ಮಗನ."

ಮುಖದಲ್ಲಿ ಏನನ್ನೂ ತೋರದವರನ್ನು ನಾವು ಭಾರೀ ಲೆಕ್ಕಾಚಾರದವರೆಂದು ದೂರವಿಡುತ್ತೇವೆ. ಇಂಥವರು ಜೀವಮಾನವಿಡೀ ಬಚ್ಚಿಡುವುದು ತಮ್ಮ ಆಸೆಯನ್ನೇ. ಅದೆಷ್ಟು ದೊಡ್ಡದೆಂದು ಎದುರಿನವನಿಗೆ ಗೊತ್ತಾದರೆ ಲೋಕ ಅದರ ದರ ಏರಿಸಿಬಿಡುತ್ತದೆಂಬ ಭಯ ಅವರಿಗೆ. ಆ ಭಯ ತಪ್ಪೇನಲ್ಲ, ಲೋಕ ದರ ಏರಿಸಿಯೇ ತೀರುತ್ತದೆ. ಆದರೆ ಆಸೆ ಎಲ್ಲರೆದುರು ಒಮ್ಮೆ ಬಯಲಾದ ಮೇಲೆ, ಏರಿದ ಆ ದರವನ್ನೂ ಚೌಕಾಶಿಯಿಲ್ಲದೆ ತೆತ್ತು ಕೊಳ್ಳುವವರು ಇಂಥವರೇ.