ಪಪಾ ತಮರುವಾ ಅವರ ಜೇಬಿನಲ್ಲಿದ್ದ ಬ್ಯಾಟರಿ

ಪಪಾ ತಮರುವಾ ನಮ್ಮ ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ನಾನು ಕೌಂಟರಿನ ಹಿಂದೆ ಕೂತು ಚಹಾ ಕುಡಿಯುತ್ತಿದ್ದೆ. ಕಪ್ಪು ತುಳುಕಿ ಬಿಲ್ ಪುಸ್ತಕದ ಮೇಲೆಲ್ಲ ಚೆಲ್ಲಿತು. ನಮ್ಮ ಚರ್ಚಿನ ಹಿರಿಯರಲ್ಲೇ ಹಿರಿಯರು, ಚರ್ಚಿನ ಕೀಲಿಗೊಂಚಲು ಇಟ್ಟುಕೊಂಡವರು, ಇ-ಸಿಗರೇಟಿನ ಅಂಗಡಿಗೆ ಬರುವುದೆಂದರೆ!

ಈ ಮಿಲ್ಲಿನ ಊರು ಟೊಕೊರೊವಾದಲ್ಲಿ ಸಮುದ್ರದಾಚೆಯ ನಮ್ಮ ದ್ವೀಪಗಳಿಂದ ಬಂದವರೆಲ್ಲ ಒಬ್ಬರಿಗೊಬ್ಬರು ಗೊತ್ತು. ಹಿರಿಯ ಗಂಡಸರನ್ನು ಪಪಾ, ಹೆಂಗಸರನ್ನು ಮಮಾ ಎಂದೇ ಎಲ್ಲರೂ ಕರೆಯುತ್ತೇವೆ. ಕಾಗದದ ಮಿಲ್ಲಿಗೆ ಕೆಲಸಕ್ಕೆಂದು ಬಂದ ಮೊದಲ ಗುಂಪಿನಲ್ಲಿ ನನ್ನ ತಂದೆಯೂ ಪಪಾ ತಮರುವಾರೂ ಇದ್ದರು. ನನ್ನ ತಂದೆ ಶ್ವಾಸಕೋಶ ಕೆಟ್ಟು ತೀರಿಕೊಂಡರು. ಪಪಾ ಮಾತ್ರ ಐವತ್ತೆರಡು ವರ್ಷ ಕೈಯಲ್ಲೇ ತಂಬಾಕು ಸುತ್ತಿ ಸೇದುತ್ತ, ಕೆಮ್ಮುತ್ತ, ಹಾಡುತ್ತ ಉಳಿದುಕೊಂಡಿದ್ದರು.

"ಯಾಕಮ್ಮಾ ಅಕಾಯಿತಿ, ದೆವ್ವ ಕಂಡೋಳ ಹಾಗೆ ನೋಡ್ತೀಯ? ಡಾಕ್ಟ್ರು ಹೇಳಿದ್ದಾರೆ. ಹೊಗೆಸೊಪ್ಪು ಬಿಡು, ಇಲ್ಲಾಂದ್ರೆ ಬರೋ ಚಳಿಗಾಲ ನೋಡಲ್ಲ ನೀನು ಅಂತ. ಆ ಹಬೆ ಬಿಡೋ ಯಂತ್ರ ಒಂದು ಕೊಡು."

"ಮಮಾ ತೆರೆಗೆ ಗೊತ್ತಾ ಪಪಾ?"

"ಅವಳೇ ಹೊರಗೆ ಕಾರಲ್ಲಿ ಕೂತಿದ್ದಾಳೆ. ಒಳಗೆ ಬರಲ್ಲಂತೆ, ಮಾನ ಹೋಗುತ್ತಂತೆ."

ಗಾಜಿನಾಚೆ ನೋಡಿದೆ. ಅವರ ಹೆಂಡತಿ ಮಮಾ ತೆರೆಮೊವಾನಾ ಬಿಳಿ ಟೋಪಿ ಹಾಕಿಕೊಂಡು, ಮಡಿಲಲ್ಲಿ ಕೈಚೀಲ ಇಟ್ಟುಕೊಂಡು, ಬೇಕೆಂದೇ ಆಚೆ ಕಡೆ ಮುಖ ಮಾಡಿ ಕೂತಿದ್ದರು.

ಆ ಶನಿವಾರ ಒಂದು ಗಂಟೆ ಹೊತ್ತು ನಾನು ಪಪಾಗೆ ಪಾಠ ಹೇಳಿದೆ. ಹೊಸಬರಿಗೆ ಪಾಠ ಹೇಳುವುದರಲ್ಲಿ ನನ್ನದು ಒಳ್ಳೆಯ ಹೆಸರು. ಮಾಲೀಕ ಲಾಯ್ಡ್ ಕೂಡ ಬಂದ ಗಿರಾಕಿಗಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದ. ಹಬೆಯಾಗುವ ರಸ ತುಂಬುವ ಟ್ಯಾಂಕು ಬಿಚ್ಚಿ ತೋರಿಸಿದೆ. ವಾರಕ್ಕೊಮ್ಮೆ ಬೆಚ್ಚಗಿನ ನೀರಲ್ಲಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಬೇಕು ಎಂದೆ. ರಸ ಕಾಯಿಸುವ ಹೊಸ ಕಾಯಿಲ್ ಹಾಕುವ ಮೊದಲು ಅದರೊಳಗಿನ ಹತ್ತಿಗೆ ನಾಲ್ಕು ಹನಿ ರಸ ಬಿಡಬೇಕು, ಟ್ಯಾಂಕು ತುಂಬಿಸಿದ ಮೇಲೂ ಹತ್ತು ನಿಮಿಷ ಕಾಯಬೇಕು, ಇಲ್ಲದಿದ್ದರೆ ಹತ್ತಿ ಸುಟ್ಟು ಬಾಯಿಗೆ ಕರಕಲು ರುಚಿ ಬರುತ್ತದೆ ಎಂದೆ. ಮಿಲ್ಲಿನಲ್ಲಿ ನಲವತ್ತು ವರ್ಷ ಯಂತ್ರ ನೋಡಿಕೊಂಡ ಕೈ ಅದು. ಎರಡನೇ ಸಲ ನಾನು ಹೇಳಬೇಕಾಗಲಿಲ್ಲ.

"ಇಷ್ಟೇನಾ? ನಿಮ್ಮಮ್ಮನ ಹೊಲಿಗೆ ಮಿಷನ್ನೇ ಇದಕ್ಕಿಂತ ಕಷ್ಟ ಇತ್ತು," ಅಂದರು.

"ಬ್ಯಾಟರಿ ಒಂದು ಬಾಕಿ ಇದೆ ಪಪಾ. ಮುಖ್ಯವಾದದ್ದೇ ಅದು."

"ಅದು ಮಧ್ಯಾಹ್ನಕ್ಕೇ ಮುಗಿದುಹೋಗುತ್ತಂತಲ್ಲ? ಇನ್ನೊಂದು ಕೊಡು ಹಾಗಾದ್ರೆ."

ಜೋಡಿಯಾಗಿ ಬರುವ ಬಿಡಿ ಬ್ಯಾಟರಿಗಳನ್ನು ತೆಗೆದೆ. ಅವನ್ನು ಇಡುವ ಪ್ಲಾಸ್ಟಿಕ್ ಡಬ್ಬಿಗಳು ಕೌಂಟರಿನಲ್ಲಿ ಮುಗಿದಿದ್ದವು, ಹೊಸವು ಹಿಂದಿನ ಕೋಣೆಯ ಪೆಟ್ಟಿಗೆಯಲ್ಲಿದ್ದವು. ತರೋಣವೆಂದು ಏಳುವಷ್ಟರಲ್ಲಿ ಫೋನು ಬಂತು. ಯಾವನೋ ಸಾಮಾನು ಬಂದಿಲ್ಲವೆಂದು ಕೂಗಾಡುತ್ತಿದ್ದ. ಹೊರಗೆ ಮಮಾ ತೆರೆ ಹಾರನ್ ಒತ್ತಿದರು. ಪಪಾ ನನ್ನತ್ತ ಕೈಬೀಸಿ, ಎರಡೂ ಬ್ಯಾಟರಿಗಳನ್ನು ಕಾಗದದ ಚೀಲಕ್ಕೆ ಹಾಕಿಕೊಂಡು ಹೊರಟರು. ನಾನೂ ಕೈಬೀಸಿದೆ. ಸೋಮವಾರ ಅಂಗಡಿ ತೆರೆದ ಮೇಲೆ ಡಬ್ಬಿ ಕೊಟ್ಟು ಹೇಳಿದರಾಯಿತು ಅಂದುಕೊಂಡೆ.

ಸೋಮವಾರ ಬರುವ ಮೊದಲು ಭಾನುವಾರ ಬಂತು.

ಚರ್ಚಿನಲ್ಲಿ ನಾನು ಹೆಂಗಸರ ಕಡೆ ಎರಡನೇ ಸಾಲಿನಲ್ಲಿದ್ದೆ. ಹಾಡು ಶುರುವಾಗಿತ್ತು. ನಮ್ಮ ಹಾಡು ಕೇಳಿದವರಿಗೆ ಗೊತ್ತು, ಹೆಂಗಸರ ದನಿ ಮೇಲೆ ಮೇಲೆ ಹೋಗುತ್ತಿದ್ದರೆ ಗಂಡಸರು ಹೊಟ್ಟೆಯಾಳದಿಂದ ಹೂಂಕರಿಸುತ್ತ ತಾಳ ಹಿಡಿಯುತ್ತಾರೆ. ಆ ತಾಳ ಹಿಡಿಸುವವರು ಪಪಾ. ಮುಂದಿನ ಸಾಲಿನಲ್ಲಿ ಎದ್ದು ನಿಂತು ಕಾಲು ಕುಟ್ಟುತ್ತ ಹಾಡುತ್ತಿದ್ದರು. ಒಂದು ದಿನ ಪೂರ್ತಿ ತಂಬಾಕು ಮುಟ್ಟಿರಲಿಲ್ಲವಂತೆ. ದನಿ ಎಂದಿಗಿಂತ ಗಟ್ಟಿಯಾಗಿತ್ತು.

ಮೊದಲು ಬುಸ್ಸೆಂದು ಸದ್ದಾಯಿತು. ಸೈಕಲ್ಲಿನ ಗಾಳಿ ಬಿಟ್ಟ ಹಾಗೆ. ಆಮೇಲೆ ಪಪಾರ ಬಲ ತೊಡೆಯಿಂದ ಬೆಂಕಿ ಚಿಮ್ಮಿತು.

ಹಬ್ಬಕ್ಕೆ ಹಚ್ಚುವ ಹೂಕುಂಡದಿಂದ ಕಿಡಿ ಚಿಮ್ಮುತ್ತದಲ್ಲ, ಹಾಗೇ. ಬಿಳಿ ಬೆಂಕಿ, ಅಡ್ಡಡ್ಡಕ್ಕೆ. ಪಕ್ಕದ ಬೆಂಚಿನ ಬೆನ್ನು ಕಪ್ಪಾಯಿತು. ಪಪಾ ಕೂಗಲಿಲ್ಲ. ಹಾಡಿನ ಒಂದು ಪದ ಅರ್ಧ ಬಾಯಲ್ಲಿ ಹಾಗೇ ನಿಂತಿತು, ಕಣ್ಣು ಅಗಲವಾದವು, ಅಷ್ಟೆ. ಹಿಂದಿನ ಸಾಲುಗಳಿಗೆ ಏನೂ ಕಾಣದೆ ಅವರು ಇನ್ನೂ ಹಾಡುತ್ತಲೇ ಇದ್ದರು. ಹಾಡು ಮುಂದಿನಿಂದ ಹಿಂದಕ್ಕೆ ಒಂದೊಂದೇ ಸಾಲಾಗಿ ಸತ್ತಿತು.

ಅಷ್ಟು ಜನರಲ್ಲಿ ಅದು ಏನೆಂದು ತಿಳಿದವಳು ನಾನೊಬ್ಬಳೇ. ತಿಳಿದೂ ಕಾಲು ಏಳಲಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಎರಡು ಕ್ಷಣವೇ ಇರಬೇಕು. ನನ್ನ ಲೆಕ್ಕದಲ್ಲಿ ಅದು ಇನ್ನೂ ಮುಗಿದಿಲ್ಲ.

"ಪ್ಯಾಂಟು ಬಿಚ್ಚಿ!" ಎಂದು ಕಿರುಚಿದೆ. "ಪ್ಯಾಂಟು ಬಿಚ್ಚಿ ಅವರದ್ದು! ಜೇಬಲ್ಲಿದೆ!"

ದೇವರ ಮನೆಯಲ್ಲಿ, ಇನ್ನೂರು ಜನರ ಮುಂದೆ, ಹಿರಿಯರೊಬ್ಬರ ಪ್ಯಾಂಟು. ಯಾರೂ ಕೈ ಹಾಕಲಿಲ್ಲ. ಬೆಂಚುಗಳ ಮೇಲೆ ಕಾಲಿಟ್ಟು ಓಡಿಬಂದವರು ಮಮಾ ತೆರೆ. ಟೋಪಿ ಎಲ್ಲೋ ಬಿತ್ತು. ಒಂದೇ ಎಳೆತಕ್ಕೆ ಬೆಲ್ಟು ಕಿತ್ತರು. ಪ್ಯಾಂಟಿನೊಂದಿಗೆ ಕೀಲಿಗೊಂಚಲು ಝಣ್ಣೆಂದು ನೆಲಕ್ಕೆ ಬಿತ್ತು. ಅದರ ನಡುವೆ ಇನ್ನೂ ಉಗುಳುತ್ತಿದ್ದ ಬ್ಯಾಟರಿ. ಪಾದ್ರಿಗಳು ಅದನ್ನು ಬೂಟಿನಿಂದ ಒದ್ದು ಬಾಗಿಲಾಚೆ ಹಾಕಿದರು. ನಾನು ಹೂದಾನಿಗಳ ನೀರನ್ನೆಲ್ಲ ಪಪಾರ ಕಾಲಿಗೆ ಸುರಿದೆ. ಆಮೇಲೆ ನಾಲ್ವರು ಅವರನ್ನು ಎತ್ತಿ ಹೊರಗಿನ ನಲ್ಲಿಯ ಹತ್ತಿರ ಒಯ್ದರು. ಆಂಬ್ಯುಲೆನ್ಸ್ ಬರುವವರೆಗೆ ಪೈಪು ಹಿಡಿದು ತಣ್ಣೀರು ಬಿಡುತ್ತಲೇ ಇದ್ದೆವು. ಬಿಳಿ ಅಂಗಿ, ಟೈ, ಒಳಚಡ್ಡಿಯಲ್ಲಿ ಹುಲ್ಲಿನ ಮೇಲೆ ಕೂತಿದ್ದ ಪಪಾ ಗಡಗಡ ನಡುಗುತ್ತ ಒಂದೇ ಮಾತು ಕೇಳುತ್ತಿದ್ದರು:

"ಹಾಡು ಯಾಕೆ ನಿಲ್ಲಿಸಿದ್ರಿ?"

ಹ್ಯಾಮಿಲ್ಟನ್ನಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಮೊಣಕಾಲಿನಿಂದ ಸೊಂಟದವರೆಗೆ ಸುಟ್ಟಿತ್ತು. ಇನ್ನೊಂದು ಕಾಲಿನ ಚರ್ಮ ತೆಗೆದು ಕಸಿ ಮಾಡಬೇಕು ಎಂದರು.

ಮರುದಿನ ಲಾಯ್ಡ್ ಅಂಗಡಿಯ ಬಾಗಿಲು ಹಾಕಿಕೊಂಡು ನನ್ನೆದುರು ಕೂತ. ಅವನ ಮುಖವೂ ಬಿಳಿಚಿಕೊಂಡಿತ್ತು.

"ನೀನು ಹೇಳಿದ್ದೆ ತಾನೇ? ಕೀಲಿ, ಚಿಲ್ಲರೆ ಜೊತೆ ಇಡಬಾರ್ದು ಅಂತ. ಎಲ್ರಿಗೂ ಹೇಳ್ತೀಯಲ್ಲ ನೀನು."

"ಹೇಳಲಿಲ್ಲ."

"ಪೆಟ್ಟಿಗೆ ಒಳಗೆ ಚೀಟಿ ಇರುತ್ತೆ, ಅದರಲ್ಲಿ ಬರೆದಿದೆ."

"ಬಿಡಿ ಬ್ಯಾಟರಿಗೆ ಪೆಟ್ಟಿಗೆ ಎಲ್ಲಿ ಲಾಯ್ಡ್? ಕಾಗದದ ಚೀಲದಲ್ಲಿ ಕೊಟ್ಟೆ. ಡಬ್ಬಿ ಒಳಗಡೆ ಇತ್ತು. ನಾನು ಏಳಲಿಲ್ಲ."

ಬೈಯುತ್ತಾನೆ, ಇಲ್ಲವೇ ಬಾಯಿ ಮುಚ್ಚಿಕೊಂಡಿರು ಅನ್ನುತ್ತಾನೆ ಎಂದು ಕಾದೆ. ಎರಡೂ ಆಗಲಿಲ್ಲ. ಒಳಗೆ ಹೋಗಿ ಡಬ್ಬಿಗಳಿದ್ದ ಪೆಟ್ಟಿಗೆಯನ್ನೇ ಹೊತ್ತು ತಂದು ನನ್ನ ಮುಂದಿಟ್ಟ.

"ಇವನ್ನೆಲ್ಲ ತಗೊಂಡು ಹೋಗಿ ನಿಮ್ಮವರಿಗೆ ಹಂಚು. ಇಲ್ಲಿ ಇಟ್ಕೊಂಡು ಏನು ಮಾಡ್ಲಿ ನಾನು," ಅಂದ.

ಬುಧವಾರ ಆಸ್ಪತ್ರೆಗೆ ಹೋದೆ. ಪಪಾ ಮಂಚದ ಮೇಲೆ ಅರ್ಧ ನಿದ್ದೆಯಲ್ಲಿದ್ದರು. ಮಮಾ ತೆರೆ ಪಕ್ಕದ ಕುರ್ಚಿಯಲ್ಲಿ, ಅದೇ ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಭಾನುವಾರದಿಂದ ಕುರ್ಚಿ ಬಿಟ್ಟು ಎದ್ದಿಲ್ಲ ಎಂದು ನರ್ಸು ಹೇಳಿದಳು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಫೋನು, ಡಬ್ಬಿ, ಸೋಮವಾರ ಹೇಳೋಣ ಅಂದುಕೊಂಡದ್ದು.

"ಫೋನ್ ಬಂತು ಅಂತ," ಅಂದರು ಮಮಾ ತೆರೆ. ದನಿ ಏರಿಸಲಿಲ್ಲ. "ನೀರು ಎಷ್ಟು ಬಿಸಿ ಇರ್ಬೇಕು ಅಂತ ಹೇಳೋಕೆ ಟೈಮಿತ್ತು. ಹತ್ತಿಗೆ ನಾಲ್ಕು ಹನಿ ಅಂತ ಹೇಳೋಕೆ ಟೈಮಿತ್ತು. ಮನೆಗೆ ಬಂದು ಅದನ್ನೆಲ್ಲ ನನಗೂ ಹೇಳಿಕೊಟ್ಟ, ಮಗು ಥರ. ಜೇಬಲ್ಲಿ ಬೆಂಕಿ ಇದೆ ಅಂತ ಹೇಳೋಕೆ ಮಾತ್ರ ನಿನಗೆ ಟೈಮಿರಲಿಲ್ಲ."

"ಬಿಡೇ ತೆರೆ," ಎಂದರು ಪಪಾ ಕಣ್ಣು ಮುಚ್ಚಿಯೇ. "ಹಾರನ್ ಹೊಡೆದೋಳು ನೀನೇ."

ಮಮಾ ತೆರೆ ಬಾಗಿಲು ತೋರಿಸಿದರು. "ಇಲ್ಲಿಗೆ ಇನ್ನು ಬರಬೇಡ ಅಕಾಯಿತಿ," ಅಂದರು. ನಾನು ಮತ್ತೆ ಹೋಗಲಿಲ್ಲ.

ಆದರೆ ಮುಂದಿನ ಭಾನುವಾರ ಪಾದ್ರಿಗಳು ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಪ್ರಾರ್ಥನೆ ಮುಗಿದು ಪಕ್ಕದ ಸಭಾಂಗಣದಲ್ಲಿ ಊಟಕ್ಕೆ ಕೂತಾಗ ನನ್ನನ್ನು ಎಬ್ಬಿಸಿ ನಿಲ್ಲಿಸಿ, "ನಮಗೆ ಗೊತ್ತಿಲ್ಲದ್ದು ಇವಳಿಗೆ ಗೊತ್ತು, ಕೇಳಿ," ಎಂದರು. ಮಮಾ ತೆರೆ ಕೂಡ ಅಂದು ಆಸ್ಪತ್ರೆಯಿಂದ ಬಂದು ಕೊನೆಯ ಮೇಜಿನಲ್ಲಿ ಕೂತಿದ್ದರು. ನನ್ನತ್ತ ನೋಡಲಿಲ್ಲ.

ಉದ್ದದ ಭಾಷಣ ನನಗೆ ಬರುವುದಿಲ್ಲ. ಲಾಯ್ಡ್ ಕೊಟ್ಟ ಡಬ್ಬಿಗಳನ್ನು ಮೇಜಿನ ಮೇಲಿಟ್ಟೆ. ಬ್ಯಾಟರಿಯ ಎರಡು ತುದಿಗಳನ್ನು ಒಂದು ಲೋಹದ ಚೂರು ಕೂಡಿಸಿದರೆ ಸಾಕು, ಒಳಗಿರುವ ಕಸುವೆಲ್ಲ ಒಂದೇ ಸಲಕ್ಕೆ ಹೊರಗೆ ಬರುತ್ತದೆ ಎಂದೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಹರಿದಿದ್ದರೆ ಇನ್ನೂ ಸುಲಭ ಎಂದೆ. ಆಮೇಲೆ, "ಯಾರ ಹತ್ರ ಇದೆಯೋ ತಂದು ಇಲ್ಲಿಡಿ. ನಾನು ಏನೂ ಅನ್ನಲ್ಲ. ಪಾದ್ರಿಗಳೂ ಏನೂ ಅನ್ನಲ್ಲ," ಎಂದು ಕೈಮುಗಿದೆ.

ಯಾರೂ ಏಳಲಿಲ್ಲ. ಕೊನೆಗೆ ಮಿಲ್ಲಿನಲ್ಲಿ ಕೆಲಸ ಮಾಡುವ ಮೆತುವಾ ತಲೆ ತಗ್ಗಿಸಿಕೊಂಡು ಬಂದು ಜೇಬಿನಿಂದ ಒಂದು ತೆಗೆದಿಟ್ಟ. ಅದರ ಹೊದಿಕೆ ಅರ್ಧಕ್ಕರ್ಧ ಸುಲಿದಿತ್ತು. ಹಿಂದೆಯೇ ಅವನ ತಂಗಿ. ಬ್ಯಾಟರಿ ಸೇಫ್ಟಿ ಪಿನ್ನುಗಳ ಜೊತೆ ಕರವಸ್ತ್ರದ ಗಂಟಿನಲ್ಲಿತ್ತು. ಮತ್ತೊಬ್ಬರದು ಚಿಲ್ಲರೆಯ ಪರ್ಸಿನಲ್ಲಿ. ಮತ್ತೊಬ್ಬರದು ಕೂಸಿನ ಬಟ್ಟೆ ಚೀಲದಲ್ಲಿ. ಮಾಂಸದ ತಟ್ಟೆಯ ಪಕ್ಕ ಒಂದೊಂದಾಗಿ ಸಾಲುಗಟ್ಟಿದವು. ಹದಿನಾಲ್ಕು. ಮೇಜಿನ ಸುತ್ತ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೂಸಿನ ತಾಯಿ ಬಾಯಿಗೆ ಕೈ ಅಡ್ಡ ಹಿಡಿದು ಗೋಡೆಗೆ ಒರಗಿದಳು.

ಆಗ ಕೊನೆಯ ಮೇಜಿನಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಮಾ ತೆರೆ ಎದ್ದು ನಡೆದು ಬಂದರು. ಕೈಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದರು.

"ಅವನು ಕೊಟ್ಟಿದ್ದು. ಇದೊಂದು ನೀನು ಇಟ್ಕೊ, ನನ್ನ ಜೇಬಲ್ಲಿ ಜಾಗ ಇಲ್ಲ ಅಂದ. ನಾನು ಮರೆತೇಬಿಟ್ಟಿದ್ದೆ. ನೀನು ಹೇಳ್ತಾ ಇರೋವಾಗ..."

ಒಳಗೆ ನೋಡಿದೆ. ಪೆಪ್ಪರ್‌ಮಿಂಟು, ಬಾಚಣಿಗೆ, ಬಿಡಿ ನಾಣ್ಯಗಳು, ಒಂದು ಹಿಡಿ ತಲೆಪಿನ್ನು. ಪಿನ್ನುಗಳ ನಡುವೆ ಮಲಗಿತ್ತು ನಾನು ಕೊಟ್ಟ ಎರಡನೇ ಬ್ಯಾಟರಿ.

ಜೋಡಿ ಕೊಟ್ಟವಳು ನಾನು. ಸುಟ್ಟದ್ದು ಒಂದೇ. ಇನ್ನೊಂದು ಎಲ್ಲಿ ಎಂದು ಏಳು ದಿನ ಒಂದು ಸಲವೂ ಕೇಳಿಕೊಂಡಿರಲಿಲ್ಲ. ಆಸ್ಪತ್ರೆಯಲ್ಲಿ ಕೈಯೆಟುಕುವಷ್ಟು ಹತ್ತಿರ ನಿಂತು ತಪ್ಪು ಒಪ್ಪಿಕೊಂಡು ಬಂದಿದ್ದೆ, ಅದು ಅವರ ಮಡಿಲಲ್ಲೇ ಇತ್ತು.

"ಅಲುಗಾಡಿಸಬೇಡಿ ಮಮಾ," ಎಂದೆ. ಪಿನ್ನುಗಳನ್ನು ಒಂದೊಂದಾಗಿ ಸರಿಸಿ, ಎರಡು ಬೆರಳಲ್ಲಿ ಬ್ಯಾಟರಿಯನ್ನು ಎತ್ತಿ ಡಬ್ಬಿಯೊಳಗೆ ಇಟ್ಟೆ. ಮುಚ್ಚಳ ಟಕ್ಕೆಂದಿತು. ಪಾದ್ರಿಗಳು ಮಮಾ ತೆರೆಯನ್ನು ಹಿಡಿದುಕೊಂಡು ಕುರ್ಚಿಗೆ ಕೂರಿಸಿದರು.

ಐದು ನಿಮಿಷ ಕಳೆದ ಮೇಲೆ ಅವರು ಎದ್ದು ಟೋಪಿ ಸರಿಮಾಡಿಕೊಂಡರು. "ಕಾರು ತೆಗಿ," ಅಂದರು ನನಗೆ.

ಹ್ಯಾಮಿಲ್ಟನ್ನಿನ ಆಸ್ಪತ್ರೆಗೆ ಹೊರಟೆವು. ಕೈಚೀಲವನ್ನು ಅವರು ಹಿಂದಿನ ಸೀಟಿನಲ್ಲಿಟ್ಟು, ಆಗಾಗ ತಿರುಗಿ ಅದನ್ನೇ ನೋಡುತ್ತಿದ್ದರು.

ಪಪಾ ದಿಂಬಿಗೆ ಒರಗಿ ಕೂತಿದ್ದರು. ಮಮಾ ತೆರೆ ನಡೆದದ್ದನ್ನು ಹೇಳುತ್ತ ಹೋದಂತೆ ಅವರಿಗೆ ನಗು ಬಂತು. "ಪಾದ್ರಿ ಮುಂದೇನೇ ಚೀಲ ಬಿಚ್ಚಿದ್ಯಾ? ನನ್ನ ಪ್ಯಾಂಟು ಬಿಚ್ಚಿದ್ದಕ್ಕೆ ಸರಿಹೋಯ್ತು ಬಿಡು!" ಎಂದು ನಕ್ಕು, ಕಾಲು ಎಳೆದಂತಾಗಿ ಅಯ್ಯೋ ಎಂದರು. ಆಮೇಲೆ ನಗು ಅಲ್ಲೇ ನಿಂತಿತು. ಹೆಂಡತಿ ಏಳು ದಿನ ಕೂತಿದ್ದ ಕುರ್ಚಿಯನ್ನು ನೋಡಿದರು. ತಮ್ಮ ತೊಡೆಯೇ ಉರಿಯುವಾಗ ಕಾಣದಿದ್ದ ಭಯವನ್ನು ಆಗ ಅವರ ಕಣ್ಣಲ್ಲಿ ಕಂಡೆ.

"ನಾನೇ ಕೊಟ್ಟೆ ನಿನಗೆ," ಅಂದರು. "ತೆರೆ, ನಾನೇ ಕೊಟ್ಟೆ. ಚೀಲ ಎಲ್ಲಿ?"

"ಇಲ್ಲೇ ಇದೆ."

"ಬಿಚ್ಚು. ಏನಿದೆ ನೋಡ್ಬೇಕು."

ಮಮಾ ತೆರೆ ಹಾಸಿಗೆಯ ತುದಿಯಲ್ಲಿ ಕೂತು ಚೀಲವನ್ನು ಬೋರಲು ಹಾಕಿದರು. ಬಿಳಿ ಹೊದಿಕೆಯ ಮೇಲೆ ಪೆಪ್ಪರ್‌ಮಿಂಟುಗಳು, ಬಾಚಣಿಗೆ, ನಾಣ್ಯ, ಪಿನ್ನುಗಳು ಹರಡಿದವು. ಪಪಾ ಬೆರಳಿನಿಂದ ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದರು. ಎಲ್ಲ ಮುಗಿದ ಮೇಲೂ ಖಾಲಿ ಚೀಲದೊಳಗೆ ಕೈ ಹಾಕಿ ಮೂಲೆ ಮೂಲೆ ತಡಕಿದರು.